ಕೊಸರು ಬೇಡವೆಂದ ಸಾಹೇಬರು

ನನ್ನ ಮೊಮ್ಮಗಳು ನೀಲಾ ನಿನ್ನೆ ಮನೆಗೆ ಬಂದಳು. ರಜೆಗೆ ಬಂದದ್ದಲ್ಲ, ಇರಲಿಕ್ಕೆ ಬಂದಳು. ಅವಳ ಟ್ರಂಕು ಪಡಸಾಲೆಯಲ್ಲಿ ಕಡಲೆ ಚೀಲದ ಪಕ್ಕ ಕೂತಿದೆ. ಹೋಗುವಾಗ ಬರುವಾಗ ನಾನು ಅದನ್ನು ಮುಟ್ಟಿ ನೋಡುತ್ತೇನೆ, ಎಮ್ಮೆ ಕರುವನ್ನು ಮೂಸಿ ನೋಡಿದ ಹಾಗೆ. ನಿನ್ನೆ ನಮ್ಮ ಅಂಗಡಿಗೆ ಬಂದವರಿಗೆಲ್ಲ ಬೆಲ್ಲ ಕೊಟ್ಟು ಸುದ್ದಿ ಹೇಳಿದೆ. ತೂಗಿದ ಮೇಲೆ ಪ್ರೀತಿಗೆ ಹಾಕುವ ಒಂದು ಮುಷ್ಟಿ ಕೊಸರು ಇರುತ್ತದಲ್ಲ, ಅದನ್ನು ಎಲ್ಲರಿಗೂ ಎರಡು ಮುಷ್ಟಿ ಹಾಕಿದೆ. ಮಗ ಬಸಣ್ಣ ಅದನ್ನು ನೋಡಿ ಇನ್ನೊಂದು ಚೀಲದ ಬಾಯಿ ಬಿಚ್ಚಿದ.

ಇಂಥ ಸಂತೋಷದಲ್ಲಿ ಸತ್ತವರನ್ನು ಬೈಯಬಾರದು ಎಂದು ಸೊಸೆ ಸುಜಾತಾ ಹೇಳುತ್ತಾಳೆ. ನನ್ನ ಹೊಟ್ಟೆಯಲ್ಲಿ ಸಂತೋಷಕ್ಕೆ ಒಂದು ಡಬ್ಬಿ, ಸಿಟ್ಟಿಗೆ ಒಂದು ಡಬ್ಬಿ ಅಂತ ಬೇರೆ ಬೇರೆ ಇಲ್ಲ. ಉಕ್ಕಿದರೆ ಎರಡೂ ಕೂಡಿಯೇ ಉಕ್ಕುತ್ತವೆ. ಹುಡುಗಿಯನ್ನು ಮನೆ ಬಿಡಿಸಿ ಗಜೇಂದ್ರಗಡದ ಹಾಸ್ಟೆಲಿಗೆ ಕಳಿಸಿದ ಮನುಷ್ಯ ಈಗ ಇಲ್ಲ. ಓಣಿಯ ಜನ ಅವರನ್ನು ದೇವರ ಪಕ್ಕ ಕೂಡಿಸಿಬಿಟ್ಟಿದ್ದಾರೆ. ನಾನು ಅವರನ್ನು ಕಂಡ ಹಾಗೆ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಅದು ಅವರ ಮೇಲಿನ ಗೌರವಕ್ಕಲ್ಲ, ಅವರ ಮಗಳು ಒಳ್ಳೆಯವಳು, ಅದಕ್ಕೆ.

ಓಣಿಯಲ್ಲಿ ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಎಲ್ಲಿಯೋ ಸೊಸೈಟಿಯಲ್ಲಿ ರೊಕ್ಕದ ಕೆಲಸ ಮಾಡಿ, ರಿಟೈರ್ ಆಗಿ, ನರಗುಂದದ ಗುಡ್ಡದ ಕೆಳಗಿನ ನಮ್ಮ ಓಣಿಗೆ ಮನೆ ಕೊಂಡು ಬಂದರು. ಹೆಂಡತಿ ಮೊದಲೇ ತೀರಿದ್ದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಚಪ್ಪಲಿ ಬಿಟ್ಟರೆ ಎರಡೂ ಹಿಮ್ಮಡಿ ಗೆರೆ ಹಾಕಿದ ಹಾಗೆ ಸಮ ನಿಲ್ಲಬೇಕು. ಎಣಿಸಲು ಏನೂ ಇಲ್ಲದಾಗಲೂ ತೋರುಬೆರಳನ್ನು ನಾಲಗೆಗೆ ಹಚ್ಚಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಮೊದಲ ಸಲ ನಮ್ಮ ಕಾಳಿನ ಅಂಗಡಿಗೆ ಬಂದಾಗ ಹೆಸರುಕಾಳು ತೂಗಿ ಕೊಟ್ಟು ಮೇಲೊಂದು ಮುಷ್ಟಿ ಹಾಕಿದೆ.

“ಇದೇನ್ರಿ ಅಕ್ಕಾರ?” ಎಂದರು.

“ಕೊಸರರಿ.”

“ಇದರ ದರಾ ಎಷ್ಟು?”

“ಕೊಸರಿಗೆ ದರಾ ಇರ್ತೈತೇನ್ರಿ?”

“ದರಾ ಇಲ್ಲದ್ದು ಮಾಲ ಅಲ್ರಿ,” ಎಂದು ಚೀಲದ ಬಾಯಿ ಓರೆ ಮಾಡಿ ಅಷ್ಟನ್ನೂ ತಿರುಗಿ ರಾಶಿಗೆ ಸುರಿದರು. ಅಂಗೈಗೆ ಅಂಟಿದ್ದ ಕೊನೆಯ ಕಾಳನ್ನೂ ಕಿರುಬೆರಳಿನಿಂದ ತಳ್ಳಿದರು.

ನಾನು ಸವಡಿ ಎಂಬ ಹಳ್ಳಿಯವಳು. ಕಣದಲ್ಲಿ ರಾಶಿ ಅಳೆಯುವಾಗ ನಮ್ಮಪ್ಪ ಮೊದಲ ಸೇರನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಯಾರು ಎದುರಿಗಿದ್ದರೋ ಅವರ ಉಡಿಗೆ ಹಾಕುತ್ತಿದ್ದ. ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತದ್ದಕ್ಕಿಂತ ಇದನ್ನು ಹೆಚ್ಚು ಕಲಿತೆ. ಕೈಯಿಂದ ಬಿದ್ದ ಕಾಳನ್ನು ಒಬ್ಬ ಮನುಷ್ಯ ತಿರುಗಿ ಸುರಿದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವರು ಹೋದ ಮೇಲೆ ಆ ಕಾಳನ್ನು ಗುಬ್ಬಿಗೆ ಹಾಕಿದೆ. ಗುಬ್ಬಿ ದರ ಕೇಳಲಿಲ್ಲ.

ಒಂದು ಮಾತು ಒಪ್ಪಬೇಕು, ಸುಳ್ಳು ಬರೆದರೆ ನನಗೆ ಅನ್ನ ಇಳಿಯುವುದಿಲ್ಲ. ಅವರು ಯಾರ ಒಂದು ಪೈಸೆಯನ್ನೂ ತಿಂದವರಲ್ಲ. ಅವರು ಬಂದ ವರ್ಷ ಪೇಟೆಯಲ್ಲಿ ಒಬ್ಬ ಚೀಟಿ ನಡೆಸುತ್ತಿದ್ದ, ಓಣಿಯ ಅರ್ಧ ಮನೆಗಳು ಅದರಲ್ಲಿದ್ದವು. ಸಾಹೇಬರು ಕಟ್ಟೆಯ ಮೇಲೆ ಕೂತು, “ಈ ಮನಷ್ಯಾ ಓಡಿಹೋಗ್ತಾನ, ನಿಮ್ಮ ರೊಕ್ಕಾ ಲಗೂ ತಕ್ಕೊಳ್ರಿ,” ಎಂದರು. ತೆಗೆದುಕೊಂಡವರು ಉಳಿದರು. ಅವನು ಓಡಿಯೇ ಹೋದ. ಅಲ್ಲಿಗೆ ಸಾಹೇಬರ ಮಾತು ವೇದವಾಯಿತು. ರೊಕ್ಕದ ವಿಷಯ ತಿಳಿದವರಿಗೆ ಮಕ್ಕಳ ವಿಷಯವೂ ತಿಳಿದಿರಬೇಕು ಎಂದು ಜನ ಹೇಗೆ ಅಂದುಕೊಂಡರೋ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವನ ಹತ್ತಿರ ಯಾರಾದರೂ ಕೂಸಿನ ಜ್ವರಕ್ಕೆ ಔಷಧ ಕೇಳುತ್ತಾರೇನು?

ಆದರೂ ಕೇಳಿದರು. ಸಂಜೆಯಾದರೆ ಅವರ ಕಟ್ಟೆಯ ಮುಂದೆ ತಾಯಂದಿರು, ತಂದೆಯರು. ನಮ್ಮ ಅಂಗಡಿ ಎದುರಿಗೇ ಇದ್ದುದರಿಂದ ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

“ಸಾಹೇಬ್ರ, ನನ್ನ ಮಗಾ ಚಿಪ್ಸ ಬೇಕಂತ ಅಂಗಡಿ ಮುಂದ ಬಿದ್ದು ಹೊಳ್ಳ್ಯಾಡ್ತಾನ್ರಿ. ಏನ ಮಾಡ್ಲಿ?”

“ಹೊಳ್ಳ್ಯಾಡಲಿ ಬಿಡ್ರಿ. ಅರಬಿ ತೊಳಿಯೋ ಸಾಬಾಣದ ಖರ್ಚು ಅವನ ಲೆಕ್ಕಕ್ಕ ಹಾಕ್ರಿ.”

ಎಲ್ಲರೂ ನಕ್ಕರು. ಆ ಹುಡುಗನಿಗೆ ಇನ್ನೂ ಚಡ್ಡಿಯ ಗುಂಡಿ ಹಾಕಲು ಬರುತ್ತಿರಲಿಲ್ಲ.

“ಮಗಳನ್ನ ಟ್ಯೂಷನ್ನಿಗೆ ಹಾಕ್ಲ್ಯೋ, ಅದ ರೊಕ್ಕದಾಗ ಬಂಗಾರ ಮಾಡಿಸ್ಲ್ಯೋ ಸಾಹೇಬ್ರ?” ಎಂದು ಒಬ್ಬ ತಂದೆ ಕೇಳಿದ.

“ಯಾವದು ತಿರುಗಿ ಮಾರಾಕ ಬರ್ತೈತಿ, ಅದನ್ನ ಮಾಡ್ರಿ.”

ಇನ್ನೊಬ್ಬಳು ಬಂದು, ಮಗ ಕತ್ತಲೆಗೆ ಅಂಜುತ್ತಾನೆ, ದೀಪ ಆರಿಸಿದರೆ ಚೀರುತ್ತಾನೆ ಎಂದು ಅತ್ತಳು. ಇವರು ಬೆರಳನ್ನು ನಾಲಗೆಗೆ ಹಚ್ಚಿ ಕೇಳಿದರು: “ಲೈಟಿನ ಬಿಲ್ ತಿಂಗಳಿಗೆ ಎಷ್ಟ ಬರ್ತೈತ್ರಿ?”

ನಾನು ಅಂಗಡಿಯಿಂದಲೇ, “ಪಕ್ಕದಾಗ ಮಲಗಿಸ್ಕೊಳ್ಳವಾ ತಂಗಿ, ಅದಕ್ಕ ಬಿಲ್ ಬರೂದಿಲ್ಲ,” ಎಂದು ಕೂಗಿದೆ. ಸಾಹೇಬರು ನನ್ನ ಕಡೆ ನೋಡಲಿಲ್ಲ. ಓದು ಇಲ್ಲದವರ ಮಾತು ಅವರ ಕಿವಿಗೆ ಬೀಳುತ್ತಿರಲಿಲ್ಲ.

ಆಮೇಲೆ ಗಲ್ಲೆಗಳು ಬಂದವು. ಮಕ್ಕಳು ರೊಕ್ಕ ಕೂಡಿಡುವ ತಗಡಿನ ಡಬ್ಬಿ, ಒಂದೊಂದಕ್ಕೆ ಒಂದೊಂದು ಪುಟ್ಟ ಕೀಲಿ. ಓಣಿಯ ಎಲ್ಲ ಮನೆಗೂ ಅವರೇ ತರಿಸಿಕೊಟ್ಟರು, ಅಸಲು ದರಕ್ಕೆ. ನೀರು ತಂದರೆ ಇಷ್ಟು, ಭಾಂಡೆ ತೊಳೆದರೆ ಇಷ್ಟು, ಅಜ್ಜನ ಕಾಲು ಒತ್ತಿದರೆ ಇಷ್ಟು. ಸುಳ್ಳು ಹೇಳಿದರೆ ದಂಡ, ಅತ್ತರೆ ದಂಡ. ಕೀಲಿಕೈ ತಾಯಿಯ ಹತ್ತಿರ ಇದ್ದರೆ ಕರುಳಿನ ಮಾಯೆ ಅಡ್ಡ ಬರುತ್ತದೆ ಎಂದು ಎಲ್ಲ ಕೀಲಿಕೈಗಳನ್ನೂ ಒಂದು ಬಳೆಗೆ ಪೋಣಿಸಿ ತಾವೇ ಇಟ್ಟುಕೊಂಡರು. ಅವರು ಓಣಿಯಲ್ಲಿ ನಡೆದರೆ ಸೊಂಟದಲ್ಲಿ ಅವು ಕಿಣಿಕಿಣಿ ಎನ್ನುತ್ತಿದ್ದವು. ಆಡುತ್ತಿದ್ದ ಮಕ್ಕಳು ಆ ಸದ್ದಿಗೆ ಎದ್ದು ನಿಲ್ಲುತ್ತಿದ್ದರು.

ನಮ್ಮ ಮನೆಗೂ ಗಲ್ಲೆ ಬಂತು. ಬಸಣ್ಣ ಚೀಟಿಯಿಂದ ಉಳಿದವನು, ಸಾಹೇಬರ ಋಣದಲ್ಲಿದ್ದ. ಸುಜಾತಾಗೂ ನೀಲಾಳ ಚಿಂತೆ ಇತ್ತು. ಹುಡುಗಿ ಕೈ ಬಿಚ್ಚಿ ಕೊಡುವವಳು. ಸಾಲೆ ಬಿಟ್ಟ ಮೇಲೆ ನನ್ನ ಜೊತೆ ಅಂಗಡಿಯಲ್ಲಿ ಕೂತು, ಗೆಳತಿಯ ಅಜ್ಜಿ ಬಂದರೆ ತನ್ನ ಸಣ್ಣ ಮುಷ್ಟಿಯಿಂದ ಎರಡು ಮೂರು ಸಲ ಕೊಸರು ಹಾಕುತ್ತಿದ್ದಳು. ಸಾಹೇಬರು ಕಟ್ಟೆಯಿಂದ ಅದನ್ನು ನೋಡಿ ಬಸಣ್ಣನನ್ನು ಕರೆದರು. “ನಿನ್ನ ಮಗಳು ಕಳವು ಮಾಡಾಕತ್ತ್ಯಾಳ. ತನ್ನದಲ್ಲದ ಮಾಲ ಮಂದಿಗೆ ಕೊಡೂದಕ್ಕ ಮತ್ತೇನಂತಾರ?” ಎಂದರು. ಒಂಬತ್ತು ವರ್ಷದ ಕೂಸಿಗೆ ಕಳ್ಳಿ ಎಂದರು. ಈ ಮಾತನ್ನು ನಾನು ಅವರ ಸಮಾಧಿಯ ಮುಂದೆ ನಿಂತೂ ಹೇಳುತ್ತೇನೆ.

ಹುಡುಗಿ ಜಾಣೆ. ಏನು ಕಲಿಸಿದರೂ ಪೂರಾ ಕಲಿಯುತ್ತಾಳೆ. ಅದೇ ಕಷ್ಟವಾಯಿತು.

ನಾಗರಪಂಚಮಿಗೆ ಮೊದಲು ನಮ್ಮ ಕಡೆ ರೊಟ್ಟಿ ಹಬ್ಬ. ಪ್ರತಿ ಮನೆಯಲ್ಲೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು, ಕಾಳುಪಲ್ಲೆ, ಬದನೆಕಾಯಿ, ಚಟ್ನಿ ಮೇಲಿಟ್ಟು ಓಣಿಯ ಎಲ್ಲ ಮನೆಗಳಿಗೂ ಹಂಚುತ್ತೇವೆ. ಅವರದು ನಮಗೆ, ನಮ್ಮದು ಅವರಿಗೆ. ಸಂಜೆಯ ಹೊತ್ತಿಗೆ ನಮ್ಮ ಬುಟ್ಟಿಯಲ್ಲಿ ನಮ್ಮ ರೊಟ್ಟಿ ಒಂದೂ ಇರುವುದಿಲ್ಲ, ಬುಟ್ಟಿ ಮಾತ್ರ ತುಂಬಿರುತ್ತದೆ. ಹಂಚುವ ಕೆಲಸ ಮಕ್ಕಳದು. ಆ ವರ್ಷ ನೀಲಾ ಹೊಸ ಲಂಗ ಹಾಕಿಕೊಂಡು ಬುಟ್ಟಿ ಹೊತ್ತು ಹೋದಳು. ಪ್ರತಿ ಬಾಗಿಲಲ್ಲಿ ರೊಟ್ಟಿ ಕೊಟ್ಟು, ಕೈ ಚಾಚಿ, “ತಂದು ಕೊಟ್ಟಿದ್ದಕ್ಕ ಐದ ರೂಪಾಯಿರಿ,” ಎಂದಳಂತೆ.

ಕೆಲವರು ನಕ್ಕು ಕೊಟ್ಟರು. ಕೆಲವರು ರೊಟ್ಟಿಯನ್ನೇ ತಿರುಗಿ ಕಳಿಸಿದರು. ಹಬ್ಬದ ರೊಟ್ಟಿ ತಿರುಗಿ ಬರುವುದು ಅಂದರೆ ಮುಖಕ್ಕೆ ಉಗುಳಿದ ಹಾಗೆ. ಮೂಲೆಮನೆಯ ಮುದುಕಿ ಬಂದು, “ಏನಬೇ, ನಿಮ್ಮನ್ಯಾಗ ರೊಟ್ಟಿ ಮಾರಾಕ ಇಟ್ಟೀರೇನು? ಹೇಳಿದ್ರ ಒಣಗಿಸಿದ ಕಟಗರೊಟ್ಟಿ ಡಜನ್ ಲೆಕ್ಕದಾಗ ತಗೋತಿದ್ನಲ್ಲ,” ಎಂದಳು.

ಸಾಹೇಬರ ಬಾಗಿಲಲ್ಲಿ ಏನಾಯಿತು ಎಂದು ನೀಲಾಳೇ ಹೇಳಿದಳು. ಅವರು ಚೌಕಾಸಿ ಮಾಡಿ ಮೂರು ರೂಪಾಯಿ ಕೊಟ್ಟು, ಬೆನ್ನು ಚಪ್ಪರಿಸಿ, “ಶಾಣ್ಯಾಕಿ ಇದ್ದಿ. ನನ್ನ ಬಾಗಿಲಿಗೆ ತಂದದ್ದು ಪುಕ್ಕಟ ಕೊಟ್ರ ನನಗ ಅಪಮಾನ. ನೆನಪಿಟ್ಕೊ,” ಎಂದರಂತೆ.

ಅದೇ ಸಂಜೆ ಓಣಿಯವರು ದೂರು ಒಯ್ದಾಗ ಅದೇ ಬಾಯಿ ಬೇರೆ ಮಾತಾಡಿತು. ಹುಡುಗಿಗೆ ರೊಕ್ಕದ ಹುಚ್ಚು ಹಿಡಿದಿದೆ, ಮನೆಯಲ್ಲಿ ಶಿಸ್ತಿಲ್ಲ, ಅಜ್ಜಿಯ ಕೈ ಸಡಿಲು, ಹಾಸ್ಟೆಲಿಗೆ ಹಾಕಿದರೆ ಸುಧಾರಿಸುತ್ತಾಳೆ. ನಾನು ಅಂಗಡಿ ಬಿಟ್ಟು ಅವರ ಕಟ್ಟೆಗೆ ಹೋದೆ.

“ಕಲಿಸಿದವರು ನೀವ, ತಪ್ಪು ಅಕೀದು ಹ್ಯಾಂಗ ಆಕ್ಕೈತ್ರಿ?”

“ಅಕ್ಕಾರ, ಲೆಕ್ಕಾ ಕಲಿಸಿದೆ. ಎಲ್ಲಿ ಹಚ್ಚಬೇಕು ಅನ್ನೂದು ಮನಿಯವರು ಕಲಿಸಬೇಕು.”

“ಮನಿಯವರು ಕಲಿಸಿದ್ದನ್ನ ನೀವು ಕಳವು ಅಂದ್ರಿ.”

“ನೀವು ಕಲಿತಿಲ್ಲ. ನಿಮ್ಮ ಜೋಡಿ ಏನ ಮಾತಾಡೂದು,” ಎಂದು ಪೇಪರು ಬಿಚ್ಚಿದರು.

ಬಸಣ್ಣನೂ ಅಲ್ಲೇ ಇದ್ದ, ಸಾಹೇಬರ ಮಾತಿಗೆ ಒಪ್ಪಿದ. ಮುಂದಿನ ಬೇಸಿಗೆಯಾಗಿ ಸಾಲೆ ಶುರುವಾದ ಮೇಲೆ ಹುಡುಗಿಯನ್ನು ಗಜೇಂದ್ರಗಡಕ್ಕೆ ಬಿಟ್ಟು ಬಂದ. ಅಲ್ಲಿಯವರು ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಿದ್ದರು, ಪಾಠ ಹೇಳುತ್ತಿದ್ದರು. ಹುಡುಗಿಯೂ ಚೆನ್ನಾಗಿ ಓದಿದಳು. ಆದರೆ ರಜೆಗೆ ಬಂದಾಗ ನನ್ನ ನೀಲಾ ಬರುತ್ತಿರಲಿಲ್ಲ, ಯಾರದೋ ಮನೆಯ ಬಾಡಿಗೆಯ ಕೂಸು ಬರುತ್ತಿತ್ತು. ತಟ್ಟೆಗೆ ರೊಟ್ಟಿ ಹಾಕಿದರೆ, “ಆಯಿ, ಇದಕ್ಕ ಏನ ಕೆಲಸಾ ಮಾಡ್ಬೇಕು?” ಎಂದು ಈ ಅಜ್ಜಿಯನ್ನು ಕೇಳುತ್ತಿದ್ದಳು. ಅರ್ಧ ರೊಟ್ಟಿ ಹೆಚ್ಚಿಗೆ ಹಾಕಿದರೆ ಎತ್ತಿ ಬುಟ್ಟಿಗೆ ಇಡುತ್ತಿದ್ದಳು, ಸಾಹೇಬರು ಕಾಳು ಸುರಿದ ಹಾಗೆ, ಪುಡಿಯನ್ನೂ ಬೆರಳಿನಿಂದ ತಳ್ಳಿ. ನಾನು ಒಳಗೆ ಹೋಗಿ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದೆ. ಸಾಹೇಬರು ಮಾತ್ರ, “ನೋಡ್ರಿ, ಎಷ್ಟು ಸುಧಾರಿಸ್ಯಾಳ,” ಎಂದು ಓಣಿಗೆಲ್ಲ ತೋರಿಸಿದರು.

ಹುಡುಗಿ ಹಾಸ್ಟೆಲ್ ಸೇರಿದ ಎರಡನೆಯ ವರ್ಷ, ಈ ದೀಪಾವಳಿ ರಜೆಯಲ್ಲಿ, ಸಾಹೇಬರು ತೀರಿಕೊಂಡರು. ಕೆಲವು ದಿನ ದವಾಖಾನೆಯಲ್ಲಿದ್ದರು, ಹುಬ್ಬಳ್ಳಿಯಿಂದ ಮಗಳು ಬಂದು ನೋಡಿಕೊಂಡಿದ್ದಳು. ಮಣ್ಣು ಮಾಡಿ ಬಂದ ದಿನ ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಓಣಿಯವರೇ ಊಟ ಒಯ್ಯಬೇಕು. ಸಾಹೇಬರ ಮೇಲೆ ನನಗೆಷ್ಟೇ ಸಿಟ್ಟಿರಲಿ, ಹಸಿದವಳು ಅವರ ಮಗಳು. ನಾನು ಸಾರಿನ ಗಡಿಗೆ ಹಿಡಿದೆ, ನೀಲಾ ರೊಟ್ಟಿಯ ಬುಟ್ಟಿ ಹಿಡಿದಳು. ಕಟ್ಟೆಯ ಮೇಲೆ ಗಂಡಸರ ನಡುವೆ ಬಸಣ್ಣ ಕೂತಿದ್ದ. ಸಾಹೇಬರ ಮಗಳು ಬಾಗಿಲಿಗೆ ಬಂದು ಬುಟ್ಟಿ ತೆಗೆದುಕೊಂಡಳು. ನೀಲಾ ಅಲ್ಲೇ ನಿಂತಳು.

“ಯಾಕವಾ, ಒಳಗ ಬಾ,” ಎಂದಳು ಆಕೆ.

“ಐದ ರೂಪಾಯಿರಿ,” ಎಂದಳು ನೀಲಾ.

ಕಟ್ಟೆಯ ಮೇಲಿನ ಗಂಡಸರೆಲ್ಲ ಬಾಗಿಲ ಕಡೆ ತಿರುಗಿದರು. ನಾನು ಗಡಿಗೆಯನ್ನು ನೆಲಕ್ಕಿಟ್ಟೆ. “ಏ ಹುಡುಗಿ,” ಎಂದು ಅವಳ ತೋಳು ಹಿಡಿದೆ.

ಅವಳು ನನ್ನ ಕಡೆ ತಿರುಗಿ ಸಮಾಧಾನದಿಂದ ಹೇಳಿದಳು: “ಅವರ ಹೇಳ್ಯಾರ ಆಯಿ. ಪುಕ್ಕಟ ಕೊಟ್ರ ಅವರಿಗೆ ಅಪಮಾನ. ಇವತ್ತರೆ ಅಪಮಾನ ಮಾಡಬಾರದಲ್ಲ?”

ಕೂಸು ಸತ್ತವರಿಗೆ ಮರ್ಯಾದೆ ಮಾಡುತ್ತಿತ್ತು.

ಮಗಳು ಸಿಟ್ಟಿಗೇಳಲಿಲ್ಲ. ಒಳಗೆ ಹೋಗಿ ಐದು ರೂಪಾಯಿ ತಂದು ನೀಲಾಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಆಮೇಲೆ ಹೊಸ್ತಿಲ ಒಳಗೆ ಕುಸಿದು ಕೂತು ಬಸಣ್ಣನಿಗೆ ಹೇಳಿದಳು:

“ಅಣ್ಣಾರ, ನಾ ಸಣ್ಣಾಕಿದ್ದಾಗ ಅಪ್ಪನ ಕಾಲ ಒತ್ತಿದ್ರ ನಾಕಾಣೆ ಕೊಡ್ತಿದ್ದ. ಪುಕ್ಕಟ ಒತ್ತೇನಿ ಅಂದ್ರ ಒಲ್ಲೆ ಅಂತಿದ್ದ. ಮೊನ್ನೆ ದವಾಖಾನ್ಯಾಗ ಕಾಲ ಒತ್ತಾಕ ಕುಂತೆ. ಬಾಯಿ ಬಿದ್ದಿತ್ತು, ಮಾತ ಇಲ್ಲ. ದಿಂಬಿನ ಬುಡಕ ಕೈ ಹಾಕಿ ಚಿಲ್ಲರ ಹುಡುಕಿದ. ಸಿಗಲಿಲ್ಲ. ಕಾಲ ಎಳಕೊಂಡ.” ನೀಲಾಳ ಕಡೆ ಕೈ ತೋರಿಸಿ, “ಈಕಿನ್ನ ಮನ್ಯಾಗ ಇಟ್ಕೊಳ್ರಿ ಅಣ್ಣಾರ,” ಎಂದಳು.

ಇದನ್ನು ಕೇಳಿ ಸಾಹೇಬರ ಮೇಲೆ ಕನಿಕರ ಬಂತೇನು ಎಂದು ಸುಜಾತಾ ಆಮೇಲೆ ಕೇಳಿದಳು. ಬರಲಿಲ್ಲ. ಸಾಯುವ ಹೊತ್ತಿನಲ್ಲೂ ಮಗಳಿಗೆ ಕಾಲು ಕೊಡದ ಮನುಷ್ಯನ ಮೇಲೆ ನನಗೆ ಹೇಗೆ ಕನಿಕರ ಬಂದೀತು? ನನ್ನ ಕನಿಕರವೆಲ್ಲ ಹೊಸ್ತಿಲಲ್ಲಿ ಕೂತವಳ ಪಾಲಾಯಿತು.

ಊರಿಗೆ ಹೋಗುವಾಗ ಆಕೆ ಕೀಲಿಕೈಗಳ ಬಳೆಯನ್ನು ಓಣಿಗೆ ಒಪ್ಪಿಸಿ ಹೋದಳು. ಯಾವ ಕೀಲಿಕೈ ಯಾವ ಗಲ್ಲೆಯದು ಎಂದು ಸಾಹೇಬರೊಬ್ಬರಿಗೇ ಗೊತ್ತಿತ್ತು. ಒಂದಿಷ್ಟು ಹೊತ್ತು ತಿರುವಿ ನೋಡಿ, ಹುಡುಗರು ಕಲ್ಲು ತಂದು ಗಲ್ಲೆಗಳನ್ನೇ ಜಜ್ಜಿ ಒಡೆದರು. ಅವತ್ತಿನಷ್ಟು ನಗು ನಮ್ಮ ಓಣಿಯಲ್ಲಿ ಎಷ್ಟೋ ದಿನದಿಂದ ಕೇಳಿರಲಿಲ್ಲ. ಆದರೆ ನೀಲಾ ತನ್ನ ಗಲ್ಲೆ ಒಡೆಯಲಿಲ್ಲ. ಆ ಐದು ರೂಪಾಯಿಯನ್ನೂ ಅದರಲ್ಲೇ ಹಾಕಿದಳು.

ಬಸಣ್ಣ ಸಾಹೇಬರ ಬಾಗಿಲಿನಿಂದ ಬಂದ ಮೇಲೆ ಮಾತು ಕಡಿಮೆ ಮಾಡಿದ. ಏನು ಯೋಚಿಸುತ್ತಿದ್ದಾನೆ ಎಂದು ನನಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ರಜೆ ಮುಗಿಯಿತು. ನಿನ್ನೆ ಬೆಳಿಗ್ಗೆ ನೀಲಾಳನ್ನು ಕರೆದುಕೊಂಡು ಗಜೇಂದ್ರಗಡಕ್ಕೆ ಹೊರಟ. ನಾನು ಬುತ್ತಿ ಕಟ್ಟಿ ಕೊಟ್ಟೆ. “ಇದಕ್ಕ ಮುಂದಿನ ರಜಾದಾಗ ಏನರೆ ಕೆಲಸಾ ಹೇಳ ಆಯಿ,” ಎಂದು ಹೋದಳು. ಇನ್ನು ಈ ಕೂಸು ನಮಗೆ ಸಿಗುವುದಿಲ್ಲ ಎಂದು ನಾನು ಅಂಗಡಿಯಲ್ಲಿ ಕಾಳು ಆರಿಸುತ್ತ ಕೂತೆ. ಕಲ್ಲು ಯಾವುದು, ಕಾಳು ಯಾವುದು, ಕಣ್ಣಿಗೆ ಕಾಣಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಗಡಿಯ ಮುಂದೆ ಟಂಟಂ ರಿಕ್ಷಾ ಬಂದು ನಿಂತಿತು. ಮೊದಲು ಟ್ರಂಕು ಇಳಿಯಿತು. ಆಮೇಲೆ ಬಸಣ್ಣ. ಅವನ ಹಿಂದೆ ನೀಲಾ.

“ಟ್ರಂಕ್ ಯಾಕ ತಂದ್ಯೋ? ಪೋರಿಗೆ ಜ್ವರಾ ಬಂದಾವೇನು?”

“ಇಲ್ಲಬೇ.”

“ಮತ್ತ?”

“ನಮ್ಮೂರಾಗ ಸಾಲಿ ಇಲ್ಲೇನು?”

ಸುಜಾತಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ವರ್ಷದ್ದು ಪೂರಾ ಫೀ ಕಟ್ಟೇವಲ್ರಿ. ಅದು?”

“ಹೋತು.”

“ಹೋತಂದ್ರ?”

“ಕೊಸರು ಅಂತ ತಿಳಕೊ,” ಎಂದ ನನ್ನ ಮಗ.

ಆ ಮಾತು ಕೇಳಿ ನಾನು ಕಡಲೆ ಚೀಲದ ಮೇಲೆಯೇ ಕೂತೆ. ಸುಜಾತಾ ಒಂದು ಗಳಿಗೆ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಆಮೇಲೆ ಹಿಟ್ಟಿನ ಕೈಯಿಂದಲೇ ಮಗಳನ್ನು ಎಳೆದು ಅಪ್ಪಿಕೊಂಡಳು. ಹುಡುಗಿಯ ಬೆನ್ನ ಮೇಲೆ ಎರಡು ಬಿಳಿ ಕೈ ಮೂಡಿದವು.

ಏನಾಯಿತು ಎಂದು ಬಸಣ್ಣ ನೀರು ಕುಡಿದು ಹೇಳಿದ. ಮಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು, ಆದರೆ ಕಟ್ಟಿದ ಫೀ, ಅರ್ಧಕ್ಕೆ ಬಿಟ್ಟ ವರ್ಷ ಎಂದು ಅವನ ತಲೆಯಲ್ಲಿ ತಕ್ಕಡಿ ಏರುತ್ತ ಇಳಿಯುತ್ತ ಇತ್ತಂತೆ. ಬಸ್ಸು ರೋಣ ದಾಟಿದ ಮೇಲೆ ನೀಲಾ ಬುತ್ತಿ ಬಿಚ್ಚಿ ಅಪ್ಪನಿಗೆ ಒಂದು ರೊಟ್ಟಿ ಕೊಟ್ಟಳಂತೆ. ಕೊಟ್ಟು, “ನೀ ಟಿಕೀಟ ತಗಸೀದ್ಯಲ್ಲ ಅಪ್ಪಾ, ಇದು ಅದಕ್ಕ ಜಮಾ,” ಎಂದಳಂತೆ. ಆ ರೊಟ್ಟಿಯನ್ನು ಅವನು ತಿನ್ನದೆ ಗಜೇಂದ್ರಗಡದವರೆಗೆ ಕೈಯಲ್ಲೇ ಹಿಡಿದು ಕೂತ. ಹಾಸ್ಟೆಲಿನ ಬಾಗಿಲಿಗೆ ಹೋದವನು ಮಗಳನ್ನು ಒಳಗೆ ಬಿಡಲಿಲ್ಲ, ರಜೆಯಲ್ಲಿ ಅಲ್ಲೇ ಇಟ್ಟಿದ್ದ ಟ್ರಂಕನ್ನು ಹೊರಗೆ ತಂದ. ಕಾಗದಪತ್ರ ಆಮೇಲೆ ತರುತ್ತಾನಂತೆ.

ಸಂಜೆ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಸುಜಾತಾ ಬಿಸಿ ರೊಟ್ಟಿ ಬಡಿದು ತಂದು ತಾನೂ ಕೂತಳು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆ ಮೊಸರು. ನೀಲಾಳ ತಟ್ಟೆಗೆ ರೊಟ್ಟಿ ಹಾಕಿದೆ. ಅವಳು ನನ್ನ ಮುಖ ನೋಡಿದಳು. ಆ ಹಳೆಯ ಪ್ರಶ್ನೆ ಅವಳ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಅಷ್ಟರಲ್ಲಿ ಬಸಣ್ಣ ಕೈ ಚಾಚಿ ಅವಳ ರೊಟ್ಟಿಯಿಂದ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡ.

“ಅಪ್ಪಾ, ಅದು ನಂದು,” ಎಂದಳು.

“ಹೂಂ, ನಿಂದ.” ಅಗಿಯುತ್ತಲೇ ಇದ್ದ.

“ಮತ್ತ ನನಗೇನ ಕೊಡ್ತಿ?”

“ಏನೂ ಕೊಡೂದಿಲ್ಲ.”

ಅವಳು ಬಹಳ ಹೊತ್ತು ಅಪ್ಪನನ್ನೇ ನೋಡಿದಳು. ಅವನು ಮತ್ತೊಂದು ತುಣುಕು ಮುರಿದ. ಸುಜಾತಾ ತಾನೂ ಒಂದು ಮುರಿದಳು. ಹುಡುಗಿಯ ರೊಟ್ಟಿ ಅರ್ಧವಾಯಿತು. ಆಗ ನೀಲಾ ಮೆಲ್ಲಗೆ ಕೈ ಚಾಚಿ, ಯಾರನ್ನೂ ಕೇಳದೆ, ನನ್ನ ತಟ್ಟೆಯಿಂದ ದೊಡ್ಡ ಬದನೆಕಾಯಿಯನ್ನೇ ಎತ್ತಿಕೊಂಡಳು. ಯಾರೂ ಏನೂ ಅನ್ನುವುದಿಲ್ಲ ಎಂದು ಗೊತ್ತಾದ ಮೇಲೆ ಅಪ್ಪನ ಮೊಸರನ್ನೂ ಎಳೆದುಕೊಂಡಳು.

ಅದೆಲ್ಲ ತಿಂದು ಮುಗಿಸಿ, “ಆಯಿ, ಇನ್ನೊಂದ ರೊಟ್ಟಿ,” ಎಂದಳು.

ಒಂದು ಹಾಕಿದೆ. ಮೇಲೆ ಅರ್ಧ ಮುರಿದು ಕೊಸರು ಹಾಕಿದೆ. ನಾವೆಲ್ಲ ಊಟ ನಿಲ್ಲಿಸಿ ಅವಳ ಕೈ ನೋಡಿದೆವು. ಅವಳು ಅದನ್ನು ತಿರುಗಿ ಬುಟ್ಟಿಗೆ ಇಡಲಿಲ್ಲ. ಮೊದಲು ಆ ಅರ್ಧವನ್ನೇ ತಿಂದಳು.